ಬಚ್ಚಲ ಹಂಡೆ, ಅನಿಲದ ಬಿಸಿನೀರು ಮತ್ತು ನಮ್ಮ ಬೆಟ್ಟ

ಕಳೆದ ಆಷಾಢದ ಒಂದು ಸಂಜೆ ತಂಗಿಯ ಮನೆಯಿಂದ ಕರೆ ಬಂದಿತು. ಕಾಲೇಜು ಮುಗಿಸಿ ಮಳೆಯಲ್ಲಿ ತೊಯ್ದು ಬಂದ ಅವಳ ಮಗಳು ಸ್ನಾನಕ್ಕೆ ಹೋದವಳು ಅರ್ಧ ಗಂಟೆಯಾದರೂ ಹೊರಬಂದಿರಲಿಲ್ಲ. ಕರೆದರೆ ಉತ್ತರವಿಲ್ಲ, ಒಳಗೆ ನೀರು ಬೀಳುವ ಸದ್ದು ಮಾತ್ರ. ಭಾವ ಬಾಗಿಲು ಒಡೆದು ನೋಡಿದಾಗ ಹುಡುಗಿ ನೆಲದ ಮೇಲೆ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಹೊರಗೆ ಎತ್ತಿ ತಂದು, ಗಾಳಿ ಆಡುವಲ್ಲಿ ಮಲಗಿಸಿ, ಆಸ್ಪತ್ರೆಗೆ ಒಯ್ದು ಆಮ್ಲಜನಕ ಕೊಡಿಸಿದ ಮೇಲೆ ಕಣ್ಣು ತೆರೆದಳು. ಇನ್ನು ಕೆಲವು ನಿಮಿಷ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದು ವೈದ್ಯರು ಹೇಳಿದರು.

ಕಾರಣ ಗೋಡೆಯ ಮೇಲೆಯೇ ಇದ್ದಿತು. ಮೂರು ತಿಂಗಳ ಹಿಂದೆ ಕಟ್ಟಿಸಿದ ಹೊಸ ತಾರಸಿ ಮನೆಯ ಬಚ್ಚಲಿನೊಳಗೆ ಒಂದು ಗ್ಯಾಸ್ ಗೀಸರ್ ತೂಗುಹಾಕಲಾಗಿತ್ತು. ಹೊಗೆ ಹೊರಹೋಗಲು ಕೊಳವೆಯಿರಲಿಲ್ಲ. ಇದ್ದ ಒಂದೇ ಕಿಟಕಿಯನ್ನು ಇರಚಲು ಬಡಿಯುತ್ತದೆಂದು ಮುಚ್ಚಲಾಗಿತ್ತು. ಗೀಸರ್ ಕೂರಿಸಿದವನು, ಇದಕ್ಕೆ ಕೊಳವೆಯ ಅಗತ್ಯವಿಲ್ಲ, ಅನಿಲಕ್ಕೆ ಹೊಗೆಯೇ ಇರುವುದಿಲ್ಲ ಎಂದು ಹೇಳಿ ಹೋಗಿದ್ದನಂತೆ.

ಇದನ್ನು ಬರೆಯಲು ನನಗೊಂದು ವೈಯಕ್ತಿಕ ಕಾರಣವೂ ಇದೆ. ಆ ಗೀಸರನ್ನು ಕೊಳ್ಳಲು ಸಲಹೆಯಿತ್ತವನು ನಾನೇ. ಮಲೆನಾಡಿನ ಮನೆಗಳಿಗೆ ಅನಿಲ ಬಂದರೆ ಬೆಟ್ಟ ಉಳಿಯುತ್ತದೆ ಎಂದು ಹತ್ತಾರು ಸಭೆಗಳಲ್ಲಿ ಮಾತನಾಡಿದವನು ನಾನು. ಮಣ್ಣಿನ ರಸಾಯನವನ್ನು ಅಭ್ಯಾಸ ಮಾಡಿದವನಿಗೆ ಉರಿಯ ರಸಾಯನ ಹೊಳೆಯದೇ ಹೋಯಿತಲ್ಲ ಎಂಬ ನಾಚಿಕೆಯಿಂದ ಈ ಲೇಖನವನ್ನು ಆರಂಭಿಸುತ್ತಿದ್ದೇನೆ.

ಶೀತದೇಶದ ಪೆಟ್ಟಿಗೆ

ಗ್ಯಾಸ್ ಗೀಸರ್ ಎಂಬುದು ಶೀತದೇಶಗಳ ಮನೆಗಳಲ್ಲಿರುವ ಗ್ಯಾಸ್ ಬಾಯ್ಲರಿನ ಕಿರಿಯ ಸೋದರ. ಆದುದರಿಂದ ಹಿರಿಯನ ಗುಣಸ್ವಭಾವವನ್ನು ಮೊದಲು ತಿಳಿಯುವುದು ಒಳಿತು. ಬ್ರಿಟನ್, ನೆದರ್ಲೆಂಡ್ಸ್ ಮುಂತಾದ ದೇಶಗಳಲ್ಲಿ ಬಹುಪಾಲು ಮನೆಗಳ ಗೋಡೆಯ ಮೇಲೆ ಒಂದು ಬಿಳಿಯ ಪೆಟ್ಟಿಗೆ ಇರುತ್ತದೆ. ಅದರೊಳಗೆ ಅನಿಲ ಉರಿದು ಒಂದು ಲೋಹದ ಸುರುಳಿಯನ್ನು ಕಾಯಿಸುತ್ತದೆ. ಸುರುಳಿಯೊಳಗೆ ಹರಿಯುವ ನೀರು ಕಾಯುತ್ತದೆ. ಆ ನೀರನ್ನು ಸಣ್ಣದೊಂದು ಪಂಪು ಮನೆಯ ಕೋಣೆ ಕೋಣೆಗಳಲ್ಲಿರುವ ರೇಡಿಯೇಟರುಗಳಿಗೆ ತಳ್ಳುತ್ತದೆ. ಕೋಣೆಗಳಿಗೆ ಬಿಸುಪನ್ನು ಕೊಟ್ಟು ತಣಿದ ನೀರು ಮತ್ತೆ ಪೆಟ್ಟಿಗೆಗೆ ಮರಳುತ್ತದೆ. ಇದು ಒಂದೇ ನೀರಿನ ನಿರಂತರ ಸುತ್ತಾಟ.

ಸ್ನಾನದ ನಲ್ಲಿಯನ್ನು ತಿರುಗಿಸಿದೊಡನೆ ಒಳಗಿನ ಕವಾಟವೊಂದು ತನ್ನ ದಿಕ್ಕನ್ನು ಬದಲಿಸಿ, ಆ ಬಿಸಿನೀರನ್ನು ರೇಡಿಯೇಟರುಗಳಿಗೆ ಬಿಡದೆ ಪುಟ್ಟದೊಂದು ಫಲಕಗಳ ಕಟ್ಟಿಗೆ ಹಾಯಿಸುತ್ತದೆ. ತೆಳುವಾದ ಲೋಹದ ಫಲಕಗಳ ಒಂದು ಬದಿಯಲ್ಲಿ ಸುತ್ತಾಟದ ಬಿಸಿನೀರು, ಇನ್ನೊಂದು ಬದಿಯಲ್ಲಿ ನಲ್ಲಿಯ ತಣ್ಣೀರು. ನೀರು ನೀರಿನೊಡನೆ ಬೆರೆಯುವುದಿಲ್ಲ. ಶಾಖ ಮಾತ್ರ ದಾಟುತ್ತದೆ. ಹೀಗೆ ಒಂದೇ ಉರಿ ಮನೆಯನ್ನೂ ಬೆಚ್ಚಗಿಡುತ್ತದೆ, ಮೈಗೂ ಬಿಸಿನೀರನ್ನು ಕೊಡುತ್ತದೆ.

ಇದರಲ್ಲಿ ನಾವು ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು ಉಸಿರಾಟ. ಈಗಿನ ಬಾಯ್ಲರುಗಳು ಉರಿಗೆ ಬೇಕಾದ ಗಾಳಿಯನ್ನು ಮನೆಯೊಳಗಿನಿಂದ ತೆಗೆದುಕೊಳ್ಳುವುದಿಲ್ಲ. ಗೋಡೆಯನ್ನು ತೂರಿ ಹೋಗುವ ಜೋಡಿ ಕೊಳವೆಯ ಒಂದು ದಾರಿಯಿಂದ ಹೊರಗಿನ ಗಾಳಿ ಬರುತ್ತದೆ, ಇನ್ನೊಂದರಿಂದ ಉರಿದ ಗಾಳಿ ಹೊರಗೆ ಹೋಗುತ್ತದೆ. ಉರಿಯ ಕೋಶಕ್ಕೂ ಮನೆಯ ಗಾಳಿಗೂ ಸಂಬಂಧವೇ ಇಲ್ಲ. ಬ್ರಿಟನ್ನಿನ 1998ರ ಅನಿಲ ಸುರಕ್ಷತಾ ನಿಯಮಗಳು, ಹೀಗೆ ಮುಚ್ಚಿದ ಕೋಶವಿಲ್ಲದ ಯಾವ ಅನಿಲ ಉಪಕರಣವನ್ನೂ ಸ್ನಾನದ ಕೋಣೆಯಲ್ಲಿ ಹೊಸದಾಗಿ ಕೂರಿಸಕೂಡದೆಂದು ವಿಧಿಸಿವೆ. ನೋಂದಾಯಿತ ತಂತ್ರಜ್ಞನಲ್ಲದವನು ಹಣ ಪಡೆದು ಅನಿಲದ ಕೆಲಸಕ್ಕೆ ಕೈಹಾಕುವುದೇ ಅಲ್ಲಿ ಅಪರಾಧ.

ಎರಡನೆಯದು ಹಬೆ. ಅನಿಲ ಉರಿದಾಗ ನೀರಿನ ಹಬೆ ಹುಟ್ಟುತ್ತದೆ. ಆ ಹಬೆ ತನ್ನೊಡನೆ ಹತ್ತರಲ್ಲಿ ಒಂದು ಪಾಲಿನಷ್ಟು ಶಾಖವನ್ನು ಹೊತ್ತು ಕೊಳವೆಯಿಂದ ಹೊರಟುಹೋಗುತ್ತದೆ. ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ, ಅದನ್ನೇ ಬಳಸಿ ಹಬೆಯನ್ನು ಮತ್ತೆ ನೀರಾಗಿಸಿ ಆ ಶಾಖವನ್ನು ಹಿಂದಕ್ಕೆ ಪಡೆಯಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಹೊಸದಾಗಿ ಕೂರಿಸುವ ಅನಿಲ ಬಾಯ್ಲರುಗಳು ಸಾಮಾನ್ಯವಾಗಿ ಇಂಥವೇ ಆಗಿರಬೇಕೆಂದು ನಿಯಮವಾಯಿತು. ಹಬೆಯಾಗಿ ಹೋಗುವ ಶಾಖವನ್ನು ಹಿಡಿಯಬೇಕೆಂಬ ಈ ಪಾಠ ನಮ್ಮ ಬಚ್ಚಲೊಲೆಗೂ ಸಲ್ಲುತ್ತದೆ. ಅದನ್ನು ಮುಂದೆ ನೋಡೋಣ.

ಹಾಗೆಂದು ಆ ದೇಶಗಳ ದಾರಿಯೇ ಕೊನೆಯ ಮಾತಲ್ಲ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ 1959ರಲ್ಲಿ ಭಾರೀ ಅನಿಲ ನಿಕ್ಷೇಪ ಸಿಕ್ಕ ಮೇಲೆ ಇಡೀ ದೇಶದ ಮನೆಗಳು ಅನಿಲಕ್ಕೆ ತಿರುಗಿದವು. ದಶಕಗಳ ಕಾಲ ಅನಿಲವನ್ನು ಮೇಲೆತ್ತಿದ್ದರಿಂದ ಅಲ್ಲಿಯ ನೆಲ ಕುಸಿಯತೊಡಗಿ ಭೂಕಂಪಗಳಾದವು. 2012ರಲ್ಲಿ ಹಾಯ್ಸಿಂಗೆ ಹಳ್ಳಿಯಲ್ಲಿ 3.6 ಪ್ರಮಾಣದ ಕಂಪನವಾಯಿತು. 2024ರಲ್ಲಿ ಆ ನಿಕ್ಷೇಪವನ್ನು ಶಾಶ್ವತವಾಗಿ ಮುಚ್ಚಲಾಯಿತು. ಯಾವ ಉರುವಲೂ ಎಲ್ಲಿಯೋ ಒಂದು ನೆಲದಿಂದ ಬರುತ್ತದೆ, ಅಲ್ಲಿಯ ಜನ ಅದರ ಬೆಲೆಯನ್ನು ತೆರುತ್ತಾರೆ. ಇದು ನಮ್ಮ ಬೆಟ್ಟಕ್ಕೂ ನಿಜ, ಗ್ರೋನಿಂಗೆನ್ನಿಗೂ ನಿಜ.

ಬಚ್ಚಲಿನ ಗಾಳಿಯ ಲೆಕ್ಕ

ನಮ್ಮಲ್ಲಿಗೆ ಬಂದ ಕಿರಿಯ ಸೋದರನಿಗೆ ಹಿರಿಯನ ಉರಿ ಬಂದಿತು. ಉಸಿರಾಟದ ಶಿಸ್ತು ಬರಲಿಲ್ಲ. ನೀರು ಹರಿದ ಒತ್ತಡಕ್ಕೆ ಅನಿಲದ ಕವಾಟ ತೆರೆಯುತ್ತದೆ, ಬ್ಯಾಟರಿಯ ಕಿಡಿ ತಾಗಿ ಬರ್ನರ್ ಹೊತ್ತಿಕೊಳ್ಳುತ್ತದೆ, ತಾಮ್ರದ ಸುರುಳಿ ಕಾಯುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಈ ಉರಿಯು ಗಾಳಿಯನ್ನು ತೆಗೆದುಕೊಳ್ಳುವುದು ಕೋಣೆಯಿಂದ, ಉರಿದ ಗಾಳಿಯನ್ನು ಬಿಡುವುದೂ ಅದೇ ಕೋಣೆಗೆ.

ವಿದ್ಯಾರ್ಥಿ ಮಿತ್ರರು ಒಂದು ಹಾಳೆ ತೆಗೆದುಕೊಂಡು ಈ ಲೆಕ್ಕವನ್ನು ಮಾಡಿ ನೋಡಲಿ. ನಿಮಿಷಕ್ಕೆ 6 ಲೀಟರು ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಗಂಟೆಗೆ ಸುಮಾರು 1 ಕಿಲೋ ಅಡುಗೆ ಅನಿಲ ಬೇಕು. 1 ಕಿಲೋ ಅನಿಲ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಮನೆಯ ಮೂವರು ನಾಲ್ವರು ಒಬ್ಬರ ಹಿಂದೊಬ್ಬರು ಮಿಂದು ಉರಿ ಕಾಲು ಗಂಟೆ ಹತ್ತಿತೆಂದರೆ 3 ಘನ ಮೀಟರ್ ಗಾಳಿ ಖರ್ಚಾಯಿತು. ಐದಡಿ ಉದ್ದ, ನಾಲ್ಕಡಿ ಅಗಲ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಇರುವ ಗಾಳಿಯೇ ನಾಲ್ಕೂವರೆ ಘನ ಮೀಟರ್. ಅಂದರೆ ಕೋಣೆಯ ಗಾಳಿಯ ಮೂರರಲ್ಲಿ ಎರಡು ಪಾಲನ್ನು ಉರಿಯೇ ಬೇಡುತ್ತದೆ. ಅಷ್ಟರೊಳಗೇ ಆಮ್ಲಜನಕ ಸಾಲದೆ ಉರಿ ಕೆಡುತ್ತದೆ. ಕೆಟ್ಟ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಅನಿಲ ಸೋರಿದರೆ ಮೂಗಿಗೆ ತಿಳಿಯಲೆಂದು ಅದಕ್ಕೆ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಆದರೆ ಆ ವಸ್ತುವೂ ಉರಿಯಲ್ಲಿ ಸುಟ್ಟುಹೋಗುತ್ತದೆ. ಹೀಗಾಗಿ ವಾಸನೆಯಿಲ್ಲ, ಅಪಾಯವೂ ಇಲ್ಲ ಎಂಬ ನಮ್ಮ ಲೆಕ್ಕ ಇಲ್ಲಿ ತಪ್ಪುತ್ತದೆ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ವಿಷಾನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ; ಅನಂತರ ಕೈಕಾಲು ಸೋತು ಬಾಗಿಲಿನ ಚಿಲಕ ತೆಗೆಯಲೂ ಆಗದ ಸ್ಥಿತಿ. ಇಂತಹ ಸಾವುಗಳ ವರದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಪುಟ ತಿರುವಿದ ಮೇಲೆ ಮರೆಯುತ್ತಿದ್ದೇವೆ.

ಹಳೆಯ ಮನೆಗಳ ಬಚ್ಚಲಿನಲ್ಲಿ ಒಲೆ ಹೊಗೆಯಾಡಿದರೂ ಹೀಗಾಗುವುದು ಅಪರೂಪವಾಗಿತ್ತು. ಏಕೆಂದರೆ ಒಲೆಯ ಬಾಯಿ ಬಹುಮಟ್ಟಿಗೆ ಹೊರಮಗ್ಗುಲಿಗೆ ಇರುತ್ತಿತ್ತು; ಹಂಚಿನ ಸಂದುಗಳಿಂದ ಮಾಡು ಉಸಿರಾಡುತ್ತಿತ್ತು. ಕಟ್ಟಿಗೆಯ ಕೆಂಡವೂ ಇದೇ ವಿಷವನ್ನು ಉಗುಳುತ್ತದೆ ಎಂಬುದನ್ನು ಮರೆಯಬಾರದು. ಚಳಿಗೆ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದೂ ಅಷ್ಟೇ ಅಪಾಯಕರ. ವ್ಯತ್ಯಾಸವಿರುವುದು ಉರುವಲಿನಲ್ಲಿ ಅಲ್ಲ, ಗಾಳಿಯ ದಾರಿಯಲ್ಲಿ.

ಹಾಗಾದರೆ ಹಂಡೆಗೆ ಮರಳೋಣವೇ?

ಇಲ್ಲಿಯವರೆಗೆ ಓದಿದ ಹಿರಿಯರು, ನಮ್ಮ ತಾಮ್ರದ ಹಂಡೆಯೇ ಲೇಸಾಗಿತ್ತು ಎಂದುಕೊಂಡಿರಬಹುದು. ಹಂಡೆಯ ಮೇಲೆ ನನಗೂ ಪ್ರೀತಿಯಿದೆ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಬೆಳಗಿ, ಅದರ ಕೊರಳಿಗೆ ಹಿಂಡ್ಲೆಬಳ್ಳಿಯನ್ನು ಕಟ್ಟಿ ಪೂಜಿಸುವ ಮನೆಯಲ್ಲಿಯೇ ನಾನು ಬೆಳೆದವನು. ಮಳೆಗಾಲದಲ್ಲಿ ಒಣಗದ ಬಟ್ಟೆ ಒಣಗುತ್ತಿದ್ದುದು, ಅಜ್ಜ ಬೆನ್ನು ಕಾಯಿಸಿಕೊಳ್ಳುತ್ತಿದ್ದುದು, ನಾವು ಗೇರುಬೀಜ ಸುಟ್ಟು ತಿನ್ನುತ್ತಿದ್ದುದು ಆ ಒಲೆಯ ಮುಂದೆಯೇ. ಮನೆಗೆ ಬಿಸುಪು, ಮೈಗೆ ಬಿಸಿನೀರು ಎರಡನ್ನೂ ಒಂದೇ ಉರಿಯಿಂದ ಪಡೆಯುವ ವಿದ್ಯೆ ನಮ್ಮ ಮನೆಗಳಲ್ಲಿಯೂ ಇದ್ದಿತು.

ಆದರೆ ಪ್ರೀತಿಯು ಲೆಕ್ಕವನ್ನು ಮರೆಸಬಾರದು. ಐದು ಜನರ ಮನೆಗೆ ದಿನಕ್ಕೆ 100 ಲೀಟರು ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಬೇಕೆಂದು ಇಟ್ಟುಕೊಳ್ಳೋಣ. ನೀರಿಗೆ ಸೇರಬೇಕಾದ ಶಾಖ 2,500 ಕಿಲೋಕ್ಯಾಲರಿ. ಗಾಳಿಯಲ್ಲಿ ಚೆನ್ನಾಗಿ ಒಣಗಿದ 1 ಕಿಲೋ ಕಟ್ಟಿಗೆಯಲ್ಲಿ ಸುಮಾರು 3,500 ಕಿಲೋಕ್ಯಾಲರಿ ಇರುತ್ತದೆ. ಸಾಮಾನ್ಯ ಒಲೆಯಲ್ಲಿ ಅದರ ಶೇಕಡಾ 15ರಷ್ಟು ನೀರಿಗೆ ತಲುಪಿದರೆ ದಿನಕ್ಕೆ ಸುಮಾರು 5 ಕಿಲೋ ಕಟ್ಟಿಗೆ ಬೇಕು. ಅದೇ ಕಟ್ಟಿಗೆ ಹಸಿಯಾಗಿದ್ದು ತೂಕದಲ್ಲಿ ಅರ್ಧ ನೀರೇ ಇದ್ದರೆ? ಕಿಲೋ ಒಂದಕ್ಕೆ 2,000 ಕಿಲೋಕ್ಯಾಲರಿಯೂ ಸಿಗದು. ಉರಿ ಏಳದೆ ಹೊಗೆಯಾಡಿ, ಶೇಕಡಾ 10ರಷ್ಟೇ ನೀರಿಗೆ ಸೇರಿದರೆ ದಿನಕ್ಕೆ 13 ಕಿಲೋ ಬೇಕಾಗುತ್ತದೆ. ಒಣ ಕಟ್ಟಿಗೆಯನ್ನು ಸುಧಾರಿಸಿದ ಒಲೆಯಲ್ಲಿ ಉರಿಸಿ ಶೇಕಡಾ 30ರಷ್ಟನ್ನು ನೀರಿಗೆ ತಲುಪಿಸಿದರೆ ಎರಡೂವರೆ ಕಿಲೋ ಸಾಕು.

ಮಳೆಗಾಲದ ನಾಲ್ಕು ತಿಂಗಳಿಗೆ ಇದನ್ನು ವಿಸ್ತರಿಸಿ. ಹಸಿ ಕಟ್ಟಿಗೆಯ ಮನೆಗೆ ಒಂದೂವರೆ ಟನ್ನು; ಒಣ ಕಟ್ಟಿಗೆ ಮತ್ತು ಒಳ್ಳೆಯ ಒಲೆಯ ಮನೆಗೆ 300 ಕಿಲೋ. ಹಸಿ ಕಟ್ಟಿಗೆಯ ತೂಕದಿಂದ ನೀರಿನ ಭಾಗವನ್ನು ಕಳೆದರೂ ಬೆಟ್ಟದಿಂದ ಬರುವ ಮರ ಎರಡು ಪಟ್ಟಿಗಿಂತ ಹೆಚ್ಚು. ಒಂದು ಊರಿನಲ್ಲಿ ಐವತ್ತು ಮನೆಗಳಿದ್ದರೆ ಈ ವ್ಯತ್ಯಾಸ ಎಷ್ಟು ಮರವಾಗುತ್ತದೆ ಎಂಬುದನ್ನು ಓದುಗರೇ ಊಹಿಸಲಿ.

ಈ ನಷ್ಟವನ್ನು ಹೊತ್ತೊಯ್ಯುವುದು ಹಬೆಯೇ. ಹಸಿ ಕಟ್ಟಿಗೆಯೊಳಗಿನ ನೀರು ಮೊದಲು ಕುದಿದು ಹಬೆಯಾಗಿ ಹೋಗಬೇಕು. ಆ ಶಾಖವನ್ನು ಮರವೇ ಕೊಡಬೇಕು. ತಣಿದ ಉರಿ ಮರದ ಅನಿಲಗಳನ್ನು ಪೂರ್ತಿ ಸುಡಲಾರದೆ ಹೊಗೆಯಾಗಿ ಬಿಡುತ್ತದೆ. ಮುಚ್ಚಳವಿಲ್ಲದ ಹಂಡೆಯಿಂದ ಏಳುವ ಹಬೆಯೂ ಇಂಥದೇ. ಒಂದು ಲೀಟರು ನೀರು ಆವಿಯಾಗಿ ಹೋದರೆ 540 ಕಿಲೋಕ್ಯಾಲರಿ ಹೋಯಿತು. ಅಷ್ಟರಲ್ಲಿ 20 ಲೀಟರು ನೀರು, ಅಂದರೆ ಒಬ್ಬರ ಸ್ನಾನದ ನೀರು ಕಾಯುತ್ತಿತ್ತು. ಶೀತದೇಶದವರು ಹಬೆಯ ಶಾಖವನ್ನು ಹಿಡಿಯಲು ಯಂತ್ರವನ್ನೇ ಬದಲಿಸಿದರು. ನಮಗೆ ಅಷ್ಟು ಬೇಡ. ಕಟ್ಟಿಗೆಗೊಂದು ಸೂರು, ಹಂಡೆಗೊಂದು ಮರದ ಮುಚ್ಚಳ ಸಾಕು.

ನಾವು ಕೇಳದೇ ಬಿಟ್ಟ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಒಂದು ಊರಿನ ಸಭೆಯಲ್ಲಿ ನಾನು ಅನಿಲದ ಒಲೆಯ ಮಹಿಮೆಯನ್ನು ವಿವರಿಸಿ ಕುಳಿತಾಗ ಹಿರಿಯ ಹೆಂಗಸೊಬ್ಬರು ಎದ್ದು ನಿಂತು ಕೇಳಿದರು: "ಗ್ಯಾಸು ಬಂತು, ಅನ್ನ ಬೆಂತು, ಸರಿ ತಮ್ಮಾ. ಹಂಡೆ ನೀರು ಯಾರು ಕಾಯಿಸ್ತಾರೆ?" ಸಭೆ ನಕ್ಕಿತು, ನಾನೂ ನಕ್ಕೆ. ಉತ್ತರ ಮಾತ್ರ ಕೊಡಲಿಲ್ಲ.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಅನಿಲದ ಸಂಪರ್ಕವಿಲ್ಲದ ಮನೆ ನಮ್ಮ ಕಡೆ ವಿರಳ. ಅಡುಗೆಮನೆಯ ಹೊಗೆ ಕಡಿಮೆಯಾಗಿದೆ. ಅದು ದೊಡ್ಡ ಉಪಕಾರ. ಆದರೂ ಬೆಟ್ಟದಿಂದ ಹೊರೆ ಇಳಿಯುವುದು ನಿಂತಿಲ್ಲ. ಏಕೆಂದರೆ ಸ್ನಾನದ ನೀರಿನ ಹೊರೆ ಅನಿಲಕ್ಕೆ ದುಬಾರಿ. ಮೇಲಿನ ಲೆಕ್ಕದ 100 ಲೀಟರು ನೀರಿಗೆ ದಿನಕ್ಕೆ ಕಾಲು ಕಿಲೋಗಿಂತ ತುಸು ಹೆಚ್ಚು ಅನಿಲ ಬೇಕು, 14.2 ಕಿಲೋ ಸಿಲಿಂಡರು ಐವತ್ತು ದಿನಕ್ಕೆ ಮುಗಿಯುತ್ತದೆ. ಸ್ನಾನಕ್ಕೆಂದೇ ವರ್ಷಕ್ಕೆ ಏಳು ಸಿಲಿಂಡರನ್ನು ಕೊಳ್ಳಬಲ್ಲ ಕೂಲಿಯ ಮನೆ ಎಷ್ಟಿವೆ? ನಮ್ಮ ದೇಶ ಬಳಸುವ ಅಡುಗೆ ಅನಿಲದ ಅರ್ಧಕ್ಕಿಂತ ಹೆಚ್ಚು ಭಾಗ ಹೊರದೇಶಗಳಿಂದ ಬರುತ್ತದೆ; ಅದರ ಬೆಲೆ ನಮ್ಮ ಕೈಯಲ್ಲಿಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಆರಂಭಿಸಿದ ಅಪ್ಪಿಕೋ ಚಳವಳಿಯು ನಮಗೆ ಮೂರು ಮಾತುಗಳನ್ನು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ಉಳಿಸಲು ನಾವು ಮೆರವಣಿಗೆ ಮಾಡಿದೆವು. ಬೆಳೆಸಲು ಸಸಿ ನೆಟ್ಟೆವು. ಮೂರನೆಯ ಮಾತನ್ನು, ಅರಿತು ಬಳಸುವ ವಿಚಾರವನ್ನು, ಹೆಚ್ಚಾಗಿ ಹೆಂಗಸರಿಗೆ ಬಿಟ್ಟುಬಿಟ್ಟೆವು. ಅಡಿಕೆ ತೋಟದ ಒಂದು ಎಕರೆಗೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತನ್ನು ಪಡೆದ ನಾವು, ಆ ಬೆಟ್ಟದಿಂದ ಬರುವ ಕಟ್ಟಿಗೆ ಒಲೆಯಲ್ಲಿ ಏನಾಗುತ್ತದೆ ಎಂದು ಬಗ್ಗಿ ನೋಡಲಿಲ್ಲ. ಬೆಟ್ಟವಿಲ್ಲದವರು ಎಲ್ಲಿಂದ ಕಟ್ಟಿಗೆ ತರುತ್ತಾರೆ ಎಂದೂ ವಿಚಾರಿಸಲಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹುಟ್ಟಿದ 'ಅಸ್ತ್ರ' ತಂಡವು ಹಳ್ಳಿಯ ಒಲೆಯನ್ನು ವಿಜ್ಞಾನದ ವಿಷಯವನ್ನಾಗಿ ಮಾಡಿ ಅಸ್ತ್ರ ಒಲೆಯನ್ನು ರೂಪಿಸಿತು. ಆ ಒಲೆ ಅನೇಕ ಅಡುಗೆಮನೆಗಳನ್ನು ತಲುಪಿತು. ಬಚ್ಚಲು ಮಾತ್ರ ಬಹುತೇಕ ಹಾಗೆಯೇ ಉಳಿಯಿತು.

ನನ್ನ ಅಭಿಪ್ರಾಯ ಇಷ್ಟು: ಅನಿಲವೋ ಕಟ್ಟಿಗೆಯೋ ಎಂಬ ವಾದದಲ್ಲಿ ನಾವು ಬಹಳ ಕಾಲ ಕಳೆದೆವು. ಉರಿಗೆ ಗಾಳಿಯ ದಾರಿ ಸರಿಯಾಗಿದೆಯೇ, ಶಾಖ ನೀರಿಗೆ ತಲುಪುತ್ತಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿದ್ದರೆ ಬೆಟ್ಟವೂ ಉಳಿಯುತ್ತಿತ್ತು, ಮನೆಯ ಮಕ್ಕಳಿಗೂ ಅಪಾಯ ಬರುತ್ತಿರಲಿಲ್ಲ.

ಮಾಡಬಹುದಾದದ್ದು

ಗ್ಯಾಸ್ ಗೀಸರ್ ಇರುವ ಮನೆಯವರು ಇಂದೇ ಅದನ್ನು ಬಚ್ಚಲಿನಿಂದ ಹೊರಗೆ, ಗಾಳಿ ಆಡುವ ಹೊರಗೋಡೆಗೆ ಸಾಗಿಸಲಿ. ನೀರಿನ ಕೊಳವೆ ಮಾತ್ರ ಒಳಗೆ ಬರಲಿ. ಅದು ಆಗುವವರೆಗೆ, ಬಾಗಿಲು ಕಿಟಕಿ ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಹೋದ ಮೇಲೆಯೇ ಸ್ನಾನಕ್ಕೆ ಹೋಗಲಿ. ಸ್ನಾನದ ವೇಳೆ ತಲೆ ಸುತ್ತಿದರೆ ಬಟ್ಟೆಗಾಗಿ ಕಾಯದೆ ಬಾಗಿಲು ತೆರೆಯಬೇಕೆಂದು ಮಕ್ಕಳಿಗೆ ಹೇಳಿಕೊಡಿ. ಬಿದ್ದವರನ್ನು ಮೊದಲು ಹೊರಗಿನ ಗಾಳಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹಂಡೆಯಿರುವ ಮನೆಯವರು ಕಟ್ಟಿಗೆಯನ್ನು ಮಾಘ ಮಾಸದೊಳಗೆ ಸೀಳಿ ಬಿಸಿಲಿಗೆ ಒಡ್ಡಿ, ಮೊದಲ ಮಳೆಗೆ ಮುಂಚೆ ಸೂರಿನಡಿ ಸೇರಿಸಲಿ. ಒಲೆಯೊಳಗೆ ಕಬ್ಬಿಣದ ಜಾಲರಿಯಿಟ್ಟರೆ ಉರಿಗೆ ಕೆಳಗಿನಿಂದ ಗಾಳಿ ಸಿಗುತ್ತದೆ, ಬೂದಿಯೂ ಬೀಳುತ್ತದೆ. ಹಂಡೆಗೂ ಒಲೆಯ ಗೋಡೆಗೂ ನಡುವೆ ಒಂದು ಬೆರಳಿನಷ್ಟೇ ಎಡೆ ಬಿಟ್ಟು, ಬಿಸಿಗಾಳಿ ಹಂಡೆಯ ಮೈ ಸವರಿಕೊಂಡು ಹೊಗೆಗೂಡಿಗೆ ಹೋಗುವಂತೆ ಮಾಡಬೇಕು. ತಳದ ಮಸಿಯನ್ನು ಆಗಾಗ ಕೆರೆಯಬೇಕು. ತೆಂಗಿನ ಮಟ್ಟೆ, ಗರಟೆ, ಅಡಿಕೆ ಸಿಪ್ಪೆಗಳು ಒಳ್ಳೆಯ ಉರುವಲು; ಬೆಟ್ಟದ ಕಟ್ಟಿಗೆಗೆ ಕೈಹಾಕುವ ಮೊದಲು ಅವುಗಳನ್ನು ಬಳಸೋಣ. ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶವಿದೆ; ನಮ್ಮ ಹುಳಿ ಮಣ್ಣಿನ ತೋಟಕ್ಕೆ ಅದು ಮರಳಿ ಹೋಗಲಿ.

ಬಿಸಿಲು ಕಾಣುವ ಮನೆಗಳಿಗೆ ಸೌರ ಜಲತಾಪಕವೂ ಒಂದು ದಾರಿ. 100 ಲೀಟರಿಗೆ 2 ಚದರ ಮೀಟರಿನ ಫಲಕ ಸಾಕು. ನಮ್ಮಲ್ಲಿ ಅದು ಮಳೆಗಾಲಕ್ಕೆ ಆಗದು ಎಂಬ ಆಕ್ಷೇಪ ನಿಜ. ಆದರೆ ಕಾರ್ತಿಕದಿಂದ ವೈಶಾಖದವರೆಗೆ ಬಿಸಿಲೇ ನೀರು ಕಾಯಿಸಿದರೆ, ಆ ದಿನಗಳ ಕಟ್ಟಿಗೆ ಒಣಗಿ ಆಷಾಢಕ್ಕೆ ಉಳಿಯುತ್ತದೆ.

ತಂಗಿಯ ಮನೆಯ ಗೀಸರ್ ಈಗ ಹಿತ್ತಿಲಿನ ಹೊರಗೋಡೆಯ ಮೇಲಿದೆ. ಮಗಳು ಚೇತರಿಸಿಕೊಂಡು ಕಾಲೇಜಿಗೆ ಹೋಗುತ್ತಿದ್ದಾಳೆ. ಬಚ್ಚಲಿನ ಕಿಟಕಿಯನ್ನು ಮಾತ್ರ ಯಾರೂ ಮುಚ್ಚಗೊಡುವುದಿಲ್ಲ. ನಮ್ಮ ಮನೆಯ ಹಂಡೆಗೆ ಮುಚ್ಚಳ ಬಂದಿದೆ, ಒಲೆಗೆ ಜಾಲರಿ ಬಂದಿದೆ. ಸಭೆಯಲ್ಲಿ ಪ್ರಶ್ನೆ ಕೇಳಿದ ಆ ಹಿರಿಯರ ಮನೆಗೆ ಮುಂದಿನ ವಾರ ಹೋಗುವವನಿದ್ದೇನೆ. ಈ ಬಾರಿ ಭಾಷಣಕ್ಕಲ್ಲ. ಅವರ ಬಚ್ಚಲೊಲೆಯನ್ನು ನೋಡಿ, ಅಳತೆ ತೆಗೆದುಕೊಂಡು ಬರಲು. ಓದುಗರೂ ತಮ್ಮ ತಮ್ಮ ಮನೆಯ ಬಚ್ಚಲಿಗೆ ಒಮ್ಮೆ ಹೋಗಿ ನೋಡಿ ಬರಬೇಕೆಂದು ಕೋರುತ್ತೇನೆ.